ಸೀಮೆಸುಣ್ಣದ ಗೆರೆ

ಮಾರ್ಚ್ 14, ಗುರುವಾರ

 ಬೆಳಿಗ್ಗೆ ಗೋಡೌನಿನಲ್ಲಿ ನೆಲದೊಳಗಿನ ಟೊಳ್ಳು ಹುಡುಕುವ ರೇಡಾರ್ ಗಾಡಿ ತಳ್ಳುವಾಗ ಕಾಂಕ್ರೀಟಿನ ಕೆಳಗೆ ಮಂಚದಗಲದ ಟೊಳ್ಳು ಸಿಕ್ಕಿತು, ಭಾರ ಬಿದ್ದರೆ ಕುಸಿಯುವಂಥದ್ದು. ಗುರುತು ಹಾಕುವ ಬಣ್ಣ ಮುಗಿದಿತ್ತು, ಸೀಮೆಸುಣ್ಣದಲ್ಲೇ ಸುತ್ತ ಗೆರೆ ಎಳೆದೆ, ಅಳತೆ ಬರೆದುಕೊಳ್ಳಲಿಲ್ಲ. ಊಟ ಮುಗಿಸಿ ಬರುವಷ್ಟರಲ್ಲಿ ನೆಲ ಒರೆಸುವ ಅಕ್ಕ ಅದನ್ನು ಅಳಿಸಿಬಿಟ್ಟಿದ್ದಳು. ಯಂತ್ರವೂ ಬೇರೆ ಸೈಟಿಗೆ ಹೋಗಿಯಾಗಿತ್ತು. ಮೇಸ್ತ್ರಿ ಬೈಯುತ್ತಾನೆಂದು ಹೆದರಿ, ನೆನಪಿನ ಮೇಲೆಯೇ ಕಂಬದ ಈಚೆ ಮತ್ತೆ ಗೆರೆ ಎಳೆದೆ.

“ಅದು ಕಂಬದ ಆಚೆ ಇತ್ತಲ್ವಾ, ಅಣ್ಣಾ?” ಎಂದಳು.

“ನಿಮ್ ಕೆಲ್ಸ ನೀವ್ ನೋಡ್ಕೊಳ್ಳಿ ಅಕ್ಕಾ,” ಎಂದೆ.

ಹಾಸಿಗೆಗೆ ಬಂದ ಮೇಲೆ ಅನ್ನಿಸುತ್ತಿದೆ, ಅವಳು ಹೇಳಿದ್ದೇ ಸರಿ.

ನಾಳೆ ಏಳಕ್ಕೆ ತುಂಬಿದ ಲಾರಿ ಒಳಗೆ ಬರುತ್ತದೆ. ಚಾಲಕ ನನ್ನ ಗೆರೆಯನ್ನು ನಂಬಿ ಕಂಬದ ಆಚೆಯಿಂದಲೇ, ಆ ಟೊಳ್ಳಿನ ಮೇಲೆಯೇ, ಬಳಸಿಕೊಂಡು ಹೋಗುತ್ತಾನೆ. ಮೇಸ್ತ್ರಿಗೆ ಹೇಳೋಣವೆಂದು ಮೂರು ಸಲ ಫೋನ್ ಎತ್ತಿಕೊಂಡೆ, ಮೂರು ಸಲವೂ ಕೆಳಗಿಟ್ಟೆ. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಇಲ್ಲಿ ಮಾಡಿದವನು ನಾನು, ಉಣ್ಣುವವನು ಆ ಚಾಲಕ.