ಭಾನುವಾರದ ಮಾತ್ರೆ

ಕರ್ಕಿಡಕಂ 3, ಗುರುವಾರ. ಬೆಳಿಗ್ಗೆ 9

ಎಣ್ಣೆ ಆಯ್ತು. ಬಿಸಿನೀರಾಯ್ತು. ಗಂಜಿನೂ ಆಯ್ತು. ಅದೆಂಥ ಗಂಜಿಯೋ — ಕೆಂಪಕ್ಕಿ, ಮೆಂತ್ಯ, ಹೆಸರು ಗೊತ್ತಿಲ್ಲದ ಹತ್ತು ಸೊಪ್ಪು. ಕಹಿ ಅಂದ್ರೆ ಕಹಿ. ಒಂದು ಕಲ್ಲು ಉಪ್ಪು ಕೇಳಿದ್ರೆ ಅಡುಗೆಮನೆಯವಳು ಅವಳ ಕತ್ತಿನ ಸರ ಕೇಳಿದ ಹಾಗೆ ನೋಡ್ತಾಳೆ.

ಪಕ್ಕದ ಮಂಚದ ಆಮಿನುಮ್ಮನಿಗೆ ಅದೇ ಅಮೃತ. ಅರವತ್ತೆಂಟು ವಯಸ್ಸು, ಇಪ್ಪತ್ತು ವರ್ಷದ ಶುಗರ್. ಹೊಟ್ಟೆಗೆ ಇನ್ಸುಲಿನ್ ಚುಚ್ಕೊಂಡು, ಬಿಸ್ಮಿ ಹೇಳಿ, ಲೋಟ ಎತ್ತಿ ಗಟಗಟ. "ಕಣ್ಣು ಮುಚ್ಕೊಂಡು ನುಂಗು ವಿಲಾಸಿನಿ. ಗಂಡನ ಜೊತೆ ಸಂಸಾರ ಮಾಡ್ಲಿಲ್ವಾ ಇಷ್ಟು ವರ್ಷ? ಹಂಗೇ."

ನಕ್ಕು ಗಂಜಿ ಮೂಗಿಗೆ ಹತ್ತಿತು.

ಎಣ್ಣೆ ತಿಕ್ಕೋಳು ಕಾರ್ತ್ಯಾಯನಿ. ಮಳೆಗಾಲದ ಈ ಕರ್ಕಿಡಕಂ ತಿಂಗಳು ವೈದ್ಯಶಾಲೆಯಲ್ಲಿ ಅವಳಿಗೆ ಭಾರೀ ಡಿಮ್ಯಾಂಡು. ದುಬೈಯಿಂದ ಬಂದೋರೂ ಕಾರ್ತ್ಯಾಯನಿಯೇ ಬೇಕು ಅಂತಾರೆ. ನಾನು "ಬೆರಳಿನ ಗಂಟಿಗೆ ಚೆನ್ನಾಗಿ ಒತ್ತು ಕಣೆ" ಅಂದೆ. ಒಪ್ಪಲಿಲ್ಲ.

"ಅಲ್ಲಿ ಒತ್ತಬಾರದು ಚೇಚಿ. ಸವರಬೇಕು ಅಷ್ಟೆ."

ಸವರೋಕೆ ನಾನೇನು ಬೆಕ್ಕಿನ ಮರಿನಾ?

ಏಳನೇ ದಿನ ಭೇದಿಗೆ ಕೊಡ್ತಾರಂತೆ. ಅದಕ್ಕೇ ಕಾಯ್ತಿದೀನಿ. ಒಂದು ಸಲ ಒಳಗಿನದೆಲ್ಲ ತೊಳೆದು ಹೋಗಲಿ.

ಕರ್ಕಿಡಕಂ 4, ಶುಕ್ರವಾರ. ಮಧ್ಯಾಹ್ನ

ಹಗಲು ಮಲಗಬಾರದು ಅಂತ ಅಪ್ಪಣೆ. ಇನ್ನೇನು ಮಾಡೋದು, ಬರೀತೀನಿ.

ಹನ್ನೊಂದು ವರ್ಷ ಆಯ್ತು ಈ ಗಂಟುವಾತ ಶುರುವಾಗಿ. ಹೋದ ವರ್ಷವೂ ಇಲ್ಲಿಗೇ ಬಂದಿದ್ದೆ. ಡಾಕ್ಟರ್ ಹೃದ್ಯ — ಹಳೇ ವೈದ್ಯರ ಮಗಳು, ಮೂವತ್ತೂ ಆಗಿಲ್ಲ — "ಇಂಗ್ಲಿಷ್ ಮಾತ್ರೆ ತಗೊಳ್ಳೋರಿಗೆ ಮೆದುವಾದ ಚಿಕಿತ್ಸೆ ಸಾಕು" ಅಂದ್ರು. ಒಂಚೂರು ಎಣ್ಣೆ, ಒಂಚೂರು ಶಾಖ, ಗಂಜಿ. ಭೇದಿ ಇಲ್ಲ. ಎಳೆಕೂಸಿಗೆ ಮಾಡೋ ಹಾಗೆ ಮಾಡಿ ಕಳಿಸಿದ್ರು.

ಓಣಂ ಹೊತ್ತಿಗೆ ಕತ್ತರಿ ಹಿಡಿಯೋಕೆ ಆಗಲಿಲ್ಲ. ಬ್ಲೌಸ್ ಪೀಸುಗಳನ್ನ ಹಾಗೇ ಮಡಿಸಿ ವಾಪಸ್ ಕೊಟ್ಟೆ. ಒಬ್ಬೊಬ್ಬರ ಮುಖವೂ ನೆನಪಿದೆ. ಹದಿನೆಂಟು ವರ್ಷದ ಟೈಲರಿಂಗ್ ಅಂಗಡಿ ನಂದು. ಈ ಓಣಮ್ಮಿಗೂ ಹೊಲಿಯೋಕೆ ಆಗದಿದ್ರೆ ಶಟರ್ ಎಳೆಯೋದೇ. ಅಂಗಡಿ ಇಲ್ಲದ ವಿಲಾಸಿನಿ ಅಂದ್ರೆ ಯಾರು? ಯಾರೂ ಅಲ್ಲ.

ಕರ್ಕಿಡಕಂ 6, ಭಾನುವಾರ. ಬೆಳಿಗ್ಗೆ 6

ಇವತ್ತಿಗೆ ಆರು ಭಾನುವಾರ.

ಇಲ್ಲಾದ್ರೂ ನಿಜ ಬರೀತೀನಿ. ದೊಡ್ಡಾಸ್ಪತ್ರೆಯವರು ವಾರಕ್ಕೊಂದು ಹಳದಿ ಮಾತ್ರೆ ಕೊಟ್ಟಿದಾರೆ, ಭಾನುವಾರ ಭಾನುವಾರ. ನುಂಗಿದ ಮಾರನೇ ದಿನ ಹೊಟ್ಟೆ ತೊಳಸುತ್ತೆ, ಬಾಚಣಿಗೆ ತುಂಬ ಕೂದಲು. ಹೋದ ತಿಂಗಳು, ಮಿಥುನ ಮಾಸ ಶುರುವಾದಾಗಲೇ ಬಿಟ್ಟುಬಿಟ್ಟೆ. ಯಾರಿಗೂ ಹೇಳಲಿಲ್ಲ. ಇಲ್ಲಿ ಫಾರಂ ತುಂಬುವಾಗ ಡಾಕ್ಟರ್ ಹೃದ್ಯ ಪೆನ್ ಹಿಡ್ಕೊಂಡು ಕೇಳಿದ್ರು, "ಆ ಮಾತ್ರೆ ಈಗಲೂ ಇದೆಯಾ ಚೇಚಿ?" "ಇಲ್ಲ ಡಾಕ್ಟರೇ, ಆಸ್ಪತ್ರೆಯವರೇ ನಿಲ್ಲಿಸಿದ್ರು. ಹುಷಾರಾಗಿದೀನಿ ಅಂದ್ರು."

ಎಷ್ಟು ಸಲೀಸಾಗಿ ಬಂತು ಸುಳ್ಳು! ಮಾತ್ರೆ ಇದೆ ಅಂದ್ರೆ ಮತ್ತೆ ಅದೇ ಎಳೆಕೂಸಿನ ಚಿಕಿತ್ಸೆ. ನನಗೆ ದೊಡ್ಡದೇ ಬೇಕಿತ್ತು.

ಮಾತ್ರೆ ಚೀಟಿ ಬ್ಯಾಗಿನ ತಳದಲ್ಲಿದೆ. ಆಮಿನುಮ್ಮ ಮೊನ್ನೆ ಸೋಪು ಹುಡುಕೋವಾಗ ನೋಡಿಬಿಟ್ರು. "ಇದೇನು? ನಿಲ್ಲಿಸಿದ್ರು ಅಂದಿದ್ಯಲ್ಲ?"

"ಹಳೇದು ಬಿಡಿ."

"ಹಳೇದಕ್ಕೆ ಹೊಸ ತಾರೀಕು ಯಾರು ಹಾಕಿದ್ರು? ನೋಡು, ನಾನು ಕದ್ದು ಹಲಸಿನ ಚಿಪ್ಸ್ ತಿಂತೀನಿ, ಒಪ್ಪಿದೆ. ಆದ್ರೆ ಸೂಜಿ ಬಿಟ್ಟಿಲ್ಲ. ಗಂಜಿ ಗಂಜಿ ಕೆಲಸ ಮಾಡುತ್ತೆ, ಸೂಜಿ ಸೂಜಿ ಕೆಲಸ. ನೀನೇ ಹೋಗಿ ಹೇಳು. ನಾನು ಚಾಡಿ ಹೇಳೋಳಲ್ಲ."

ನಾಳೆ ಏಳನೇ ದಿನ. ಒಂದು ದಿನ ತಾನೇ. ಬಲಗೈ ತೋರುಬೆರಳು ಯಾಕೋ ಬಿಸಿ ಬಿಸಿ. ಔಷಧ ಒಳಗೆ ಕೆಲಸ ಮಾಡ್ತಿರಬೇಕು.

ಕರ್ಕಿಡಕಂ 7, ಸೋಮವಾರ

ಎರಡೂ ಕೈ ಊದಿವೆ. ಮೈ ಕಾಯ್ತಿದೆ. ಪೆನ್ನು ಎಡಗೈಯಲ್ಲಿ. ಅಕ್ಷರ ಕೋಳಿ ಕೆದಕಿದ ಹಾಗೆ.

ಭೇದಿ ಇಲ್ಲ, ಎಣ್ಣೆನೂ ಇಲ್ಲ ಅಂದ್ರು. ಡಾಕ್ಟರ್ ಹೃದ್ಯ ಒಂದೊಂದೇ ಬೆರಳು ಮುಟ್ಟಿ ನೋಡಿದ್ರು. ಪಾಪ, ಅವರ ಮುಖ ಬಿಳಿಚಿಕೊಂಡಿತ್ತು. ತಮ್ಮ ಕೈಯಿಂದ ಏನು ತಪ್ಪಾಯ್ತು ಅಂತ ಯೋಚನೆ. ಆಮೇಲೆ ಕೇಳಿದ್ರು, "ತಿಕ್ಕುವಾಗ ಕಾರ್ತ್ಯಾಯನಿ ಗಂಟಿನ ಮೇಲೆ ಜೋರಾಗಿ ಒತ್ತಿದ್ಲಾ?"

ಅವಳು ಬಾಗಿಲಲ್ಲೇ ನಿಂತಿದ್ಲು. ಬಿಸಿನೀರಿನ ಚೊಂಬು ಕೈಯಲ್ಲಿ.

"ಸ್ವಲ್ಪ ಜೋರು ಅನ್ನಿಸ್ತು" ಅಂದೆ.

ನಾನೇ ಅಂದಿದ್ದು. ಈ ಬಾಯಲ್ಲೇ.

ಕರ್ಕಿಡಕಂ 10, ಗುರುವಾರ. ಸಂಜೆ

ಎರಡು ದಿನ ಪೆನ್ನು ಮುಟ್ಟೋಕೆ ಆಗಲಿಲ್ಲ. ಲೋಟ ಹಿಡಿಯೋಕೂ ಆಗ್ತಿಲ್ಲ.

ಕಾರ್ತ್ಯಾಯನಿಯನ್ನ ಎಣ್ಣೆ ಕೋಣೆಯಿಂದ ತೆಗೆದು ಅಡುಗೆಮನೆಗೆ ಹಾಕಿದಾರೆ. ಸೊಪ್ಪು ಅರೆಯೋ ಡ್ಯೂಟಿ. ದುಬೈಯವರು ಬೇರೆಯವಳನ್ನ ಕೇಳಿದ್ರಂತೆ. "ಅವಳ ಕೈ ಭಾರ" — ಇಷ್ಟು ಸಾಕು, ಈ ಊರಲ್ಲಿ ಎಣ್ಣೆ ತಿಕ್ಕೋಳ ಬಾಳು ಮುಗೀತು. ಜಗಲಿಯಲ್ಲಿ ಕೂತ ಹೆಂಗಸರೆಲ್ಲ ಅದನ್ನೇ ಮಾತಾಡ್ತಿದ್ರು. ಎದುರುಮನೆಯಲ್ಲಿ ರಾಮಾಯಣ ಓದೋದು ಒಂದು ಕಿವಿಗೆ, ಇದು ಇನ್ನೊಂದು ಕಿವಿಗೆ.

ಆಮಿನುಮ್ಮ ಎರಡು ದಿನದಿಂದ ನನ್ನ ಜೊತೆ ಮಾತು ಬಿಟ್ಟಿದಾರೆ. ತಮಾಷೆ ಇಲ್ಲ. ಚಿಪ್ಸ್ ಡಬ್ಬಿ ನನ್ನ ಕಡೆ ತಳ್ಳಲ್ಲ. ಹೋಗಿ ಹೇಳಿದ್ರೂ ಬೇಜಾರಿರ್ತಿರಲಿಲ್ಲ. ಹೇಳೋದೂ ಇಲ್ಲ, ಸುಮ್ಮನೆ ನನ್ನನ್ನೇ ನೋಡ್ತಾರೆ.

ಗಂಜಿ ತಂದಿದ್ದು ಯಾರು? ಕಾರ್ತ್ಯಾಯನಿ. ಚಮಚದಲ್ಲಿ ಊದಿ ಊದಿ ತಿನ್ನಿಸಿದ್ಲು. ಬಾಯಿ ಒರೆಸಿದ್ಲು. ನನ್ನ ಮುಖ ನೋಡಲಿಲ್ಲ, ನನ್ನ ಬೆರಳು ನೋಡ್ತಿದ್ಲು.

ಥೂ ನನ್ನ ಜನ್ಮಕ್ಕೆ.

ಕರ್ಕಿಡಕಂ 11, ಶುಕ್ರವಾರ. ಮಧ್ಯಾಹ್ನ 2

ಈಗ ತಾನೇ ಹೋದ್ಲು. ಬಿಸಿಬಿಸಿಯಾಗಿ ಬರೆದಿಡ್ತೀನಿ.

ಗಂಜಿ ಮುಗಿಸಿ ಲೋಟ ಎತ್ಕೊಂಡು ಎದ್ದೋಳು ಮತ್ತೆ ಕೂತ್ಲು. "ಚೇಚಿ, ಒಂದು ಕೇಳ್ತೀನಿ. ಬೇಜಾರು ಮಾಡ್ಕೋಬೇಡಿ. ನನ್ನ ಕೈ ನಿಜವಾಗ್ಲೂ ಭಾರ ಆಯ್ತಾ?"

ನಾನು ಕಿಟಕಿ ಕಡೆ ತಿರುಗಿದೆ. ಅವಳೇ ಮುಂದುವರಿಸಿದ್ಲು.

"ಸವರಿದ್ದೇ ಅಂತ ನನ್ನ ನೆನಪು. ಆದ್ರೆ ನನಗೂ ವಯಸ್ಸಾಯ್ತಲ್ಲ, ಅಂದಾಜು ತಪ್ಪಿರಬಹುದು. ದಿನಾ ರಾತ್ರಿ ನನ್ನ ಮೊಣಕಾಲನ್ನೇ ಒತ್ತಿ ಒತ್ತಿ ನೋಡ್ತಿದೀನಿ, ಎಷ್ಟಕ್ಕೆ ನೋವು ಶುರುವಾಗುತ್ತೆ ಅಂತ. ಗೊತ್ತೇ ಆಗ್ತಿಲ್ಲ. ನೀವು ಹೌದು ಅಂದುಬಿಡಿ. ಈ ಕೆಲಸಾನೇ ಬಿಡ್ತೀನಿ. ಇನ್ನೊಬ್ಬರಿಗೆ ಹೀಗಾಗಬಾರದು."

ಇಪ್ಪತ್ತೈದು ವರ್ಷ ತಿಕ್ಕಿದ ಕೈ. ಅದರ ಮೇಲೆ ಅವಳಿಗೇ ನಂಬಿಕೆ ಹೋಗಿದೆ. ನನ್ನ ಒಂದು ಮಾತಿಗೆ. ಕತ್ತರಿ ಹಿಡಿಯೋಕಾಗದ ಸಂಕಟ ಏನು ಅಂತ ನನಗೆ ಗೊತ್ತು. ಗೊತ್ತಿದ್ದೂ ಅದನ್ನೇ ಅವಳಿಗೆ ಮಾಡಿದೆ.

ಆಗಲೂ ನಿಜ ಹೇಳಲಿಲ್ಲ. "ನೋಡೋಣ" ಅಂದೆ. ನೋಡೋಣ ಅಂತೆ! ಏನು ನೋಡ್ತೀಯೆ ವಿಲಾಸಿನಿ?

ಆಮಿನುಮ್ಮ ಗೋಡೆ ಕಡೆ ತಿರುಗಿ ಮಲಗಿದ್ರು. ಅಳ್ತಿದ್ರು.

ಕರ್ಕಿಡಕಂ 12, ಶನಿವಾರ. ಬೆಳಿಗ್ಗೆ 11

ಹೇಳಿದೆ.

ಡಾಕ್ಟರ್ ರೌಂಡ್ಸಿಗೆ ಬಂದಾಗ ಕಾರ್ತ್ಯಾಯನಿಯನ್ನೂ ಕರೆಸಿ ಅಂದೆ. ಕೈಯೆಲ್ಲ ಹಸಿರು ಮೆತ್ಕೊಂಡೇ ಬಂದ್ಲು. ಜಗಲಿಯ ಹೆಂಗಸರೂ ಇಣುಕಿದ್ರು. ಇಣುಕಲಿ, ಅವರಿಗೂ ಕೇಳಬೇಕು. ಆಮಿನುಮ್ಮ ಎದ್ದು ಬಂದು ನನ್ನ ಬೆನ್ನಿಗೆ ಕೈ ಇಟ್ರು. ಆ ಕೈ ಇಲ್ಲದಿದ್ರೆ ಇವತ್ತೂ ಆಗ್ತಿರಲಿಲ್ಲ.

ಚೀಟಿ ಮುಂದೆ ಇಟ್ಟೆ. ಆರು ಭಾನುವಾರ ಬಿಟ್ಟಿದೀನಿ ಅಂದೆ. ಯಾರೂ ನಿಲ್ಲಿಸು ಅಂದಿರಲಿಲ್ಲ. ಕಾರ್ತ್ಯಾಯನಿ ಜೋರಾಗಿ ಒತ್ತಲಿಲ್ಲ. ಒತ್ತು ಅಂತ ಪೀಡಿಸಿದ್ದು ನಾನು, ಒಪ್ಪದೇ ಇದ್ದಿದ್ದು ಅವಳು.

ಡಾಕ್ಟರ್ ಚೀಟಿ ಎತ್ಕೊಂಡು ತಾರೀಕು ನೋಡಿದ್ರು. "ಮಾತ್ರೆ ಬಿಟ್ಟಿದ್ದಕ್ಕೇ ಊದಿರೋದು. ಈ ಸ್ಥಿತೀಲಿ ಸೋಮವಾರ ಆ ಭೇದಿ ಔಷಧ ಕೊಟ್ಟಿದ್ರೆ ಏನಾಗ್ತಿತ್ತು ಗೊತ್ತಾ ಚೇಚಿ?" ಅಲ್ಲೇ ನಿಂತು ದೊಡ್ಡಾಸ್ಪತ್ರೆಗೆ ಫೋನ್ ಮಾಡಿದ್ರು. ಇವತ್ತೇ ಕರ್ಕೊಂಡು ಬನ್ನಿ, ರಕ್ತ ನೋಡಿ ಮಾತ್ರೆ ಮತ್ತೆ ಶುರು ಮಾಡೋಣ ಅಂದ್ರಂತೆ. ಮೂರು ಗಂಟೆಗೆ ಕಾರು. ವಾಪಸ್ ಬಂದ ಮೇಲೆ ಮೆದುವಾದ ಚಿಕಿತ್ಸೆ ಮಾತ್ರ, ಅದೂ ಅವರು ಸರಿ ಅಂದ್ರೆ. ಈ ಓಣಮ್ಮಿಗೆ ಕತ್ತರಿ ಹಿಡಿಯೋದು ಅನುಮಾನ ಅಂದ್ರು. ಸ್ವಲ್ಪ ಅತ್ತುಬಿಟ್ಟೆ. ಅಂಗಡಿಗೋಸ್ಕರ ತಾನೇ. ಆಮೇಲೆ ನಿಲ್ಲಿಸಿದೆ.

ಕಾರ್ತ್ಯಾಯನಿ ತನ್ನ ಎರಡು ಕೈಯನ್ನ ಒಂದು ಸಲ ನೋಡ್ಕೊಂಡು ಹೊರಟುಹೋದ್ಲು.

ಅದೇ ದಿನ. 2.30

ಬ್ಯಾಗು ರೆಡಿ. ಕಾರಿಗೆ ಕಾಯ್ತಾ ಜಗಲಿಯಲ್ಲಿ ಕೂತಿದೀನಿ. ಆಮಿನುಮ್ಮ ಚಿಪ್ಸ್ ಡಬ್ಬಿ ತಳ್ಳಿದ್ರು. ತಿನ್ನೋಕೆ ಮನಸ್ಸಿಲ್ಲ.

ಕಾರ್ತ್ಯಾಯನಿ ಬರಲ್ಲ. ಯಾಕೆ ಬರಬೇಕು? ನಾನಾಗಿದ್ರೆ ಬರ್ತಿರಲಿಲ್ಲ.

ಬರ್ತಿದಾಳೆ. ಕೈ ತೊಳ್ಕೊಂಡಿದಾಳೆ. ಎಣ್ಣೆ ಬಟ್ಟಲು ಇದೆ.

"ಕೈ ಮುಟ್ಟಬೇಡ ಅಂದಿದಾರೆ ಡಾಕ್ಟರ್. ಪಾದಕ್ಕೆ ಹಚ್ಚಬಹುದಂತೆ. ದಾರಿ ದೂರ." ಕೆಳಗೆ ಕೂತ್ಲು. "ನಿಮ್ಮ ಮೇಲೆ ಸಿಟ್ಟಿದೆ ಚೇಚಿ. ಸುಮ್ಮನೆ ಬಿಡಲ್ಲ. ವಾಪಸ್ ಬನ್ನಿ, ಬೈತೀನಿ. ಈಗ ಆ ಬುಕ್ಕು ಕೆಳಗಿಡಿ, ಕಾಲು ಕೊಡಿ."

ಕೊಟ್ಟೆ. ಎಡಗೈಯಲ್ಲಿ ಇನ್ನೊಂದೇ ಸಾಲು ಬರೀತೀನಿ ಕಾರ್ತ್ಯಾಯನಿ, ತಾಳು. ನಿನ್ನ ಕೈ ಎಷ್ಟು ಹಗುರ ಅಂದ್ರೆ