ಐದು ಎಳೆಯ ಹೊಳೆ ದಾಟಿಸಿದ್ದು

ಗೌರಿಬಿದನೂರು,
೪ ಡಿಸೆಂಬರ್ ೨೦೨೨, ಭಾನುವಾರ

ಪ್ರೀತಿಯ ಹರಿತಮ್ಮಾ,

ಹುಷಾರಾಗಿದ್ದೀಯಾ? ಅಸ್ಸಾಮಿನ ಚಳಿಯಲ್ಲಿ ಮಂಡಿಯುದ್ದ ನೀರಿಗಿಳಿದು ಮರಳು ಅಳೆಯುವವಳಿಗೆ ನೆಗಡಿ ಬಾರದೆ ಇರುತ್ತದೆಯೇ ಎಂದು ನಿಮ್ಮಮ್ಮ ದಿನಕ್ಕೆರಡು ಸಲ ಕೇಳುತ್ತಾಳೆ. ನಿನಗೆಂದು ಹುರಳಿಕಾಳು, ಮೆಣಸಿನಪುಡಿ ಗಂಟು ಕಟ್ಟಿಟ್ಟಿದ್ದಾಳೆ. ಒಡಹುಟ್ಟಿದ ಅಕ್ಕನ ಮದುವೆಗೆ ಬಾರದವಳಿಗೆ ಯಾಕೆ ಕಳಿಸಬೇಕು ಎಂದು ಬೆಳಿಗ್ಗೆ ಬಿಚ್ಚುತ್ತಾಳೆ, ಊಟವಾದ ಮೇಲೆ ಮತ್ತೆ ಕಟ್ಟುತ್ತಾಳೆ. ನನ್ನ ವಿಷಯ ಹೇಳುವುದಾದರೆ, ಎಡಮಂಡಿ ಒಂದನ್ನು ಬಿಟ್ಟು ಉಳಿದ ಸೋದರಮಾವ ಚೆನ್ನಾಗಿದ್ದಾನೆ. ಆ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಲಾರಿ ತೂಗುವ ನಮ್ಮ ವೇಬ್ರಿಡ್ಜಿನ ಕ್ಯಾಬಿನ್ನಿನಲ್ಲಿ ಕೂತು ಬರೆಯುತ್ತಿದ್ದೇನೆ. ಎಲ್ಲಾದರೂ ಮಾತು ತುಂಡಾದರೆ ಲಾರಿ ಬಂತು ಎಂದುಕೋ.

ನೀನು ಬಾರದ್ದಕ್ಕೆ ಕೊಟ್ಟ ಕಾರಣವನ್ನು ಮನೆಯವರೆಲ್ಲ ನಂಬಿದರು. ಮಳೆಗಾಲ ಮುಗಿದು ಬ್ರಹ್ಮಪುತ್ರ ಇಳಿದಿದೆ, ಮರಳು ದಿಬ್ಬಗಳು ಜಾಗ ಬದಲಾಯಿಸುತ್ತಿವೆ, ಈಗ ಬಿಟ್ಟು ಬಂದರೆ ವರ್ಷದ ಅಳತೆಯೇ ಹಾಳು. ಸರಿಯಮ್ಮ. ನಾನು ಮಾತ್ರ ಮೂವತ್ತು ವರ್ಷದಿಂದ ತೂಕ ಹಾಕುವವನು. ಮೊದಲು ಹೆಗಲ ಮೇಲೆ ಮೂಟೆ ಹೊತ್ತೆ, ಆಮೇಲೆ ಕಾಟಾ ಇಟ್ಟೆ. ಯಾವ ಲಾರಿಯನ್ನೂ ಲೋಡಿನ ಸಮೇತ ನಂಬುವುದಿಲ್ಲ. ಖಾಲಿ ಗಾಡಿಯದು ಎಷ್ಟು ಎಂದು ಕಳೆದು ನೋಡುತ್ತೇನೆ. ನಿನ್ನ ಕಾರಣದಲ್ಲಿ ಮರಳಿನ ತೂಕ ಎಷ್ಟು, ಉಳಿದದ್ದು ಏನು ಎಂಬುದು ಇರಲಿ. ಮೊದಲು ಮದುವೆಯ ಸಮಾಚಾರ.

ನಮ್ಮ ಮನೆತನದ ಪದ್ಧತಿ ನಿನಗೆ ಗೊತ್ತಿರುವುದೇ. ಆದರೂ ಅಲ್ಲಿ ಯಾರಿಗಾದರೂ ಓದಿ ಹೇಳಬೇಕಾಗಿ ಬಂದರೆ ಅನುಕೂಲವಾಗಲಿ ಎಂದು ಬಿಡಿಸಿ ಬರೆಯುತ್ತೇನೆ. ಹೊಳೆಯಾಚೆಗೆ ಹೆಣ್ಣು ಕೊಟ್ಟರೆ, ತಾಳಿಯಾದ ಮೇಲೆ ಸೋದರಮಾವ ಅವಳನ್ನು ಎತ್ತಿಕೊಂಡು ಹೊಳೆ ದಾಟಿಸಬೇಕು. ಹೆಣ್ಣಿನ ಕಾಲು ನಡುವೆ ಎಲ್ಲೂ ನೆಲ ಮುಟ್ಟಬಾರದು. ಮುಟ್ಟಿದರೆ ಅವಳು ಈ ಮನೆಗೂ ಇಲ್ಲ, ಆ ಮನೆಗೂ ಇಲ್ಲ ಎಂಬ ಲೆಕ್ಕ. ನಾನು ಕಂಡಂತೆ ಇದು ಬಹಳ ಸುಲಭದ ಪದ್ಧತಿ. ನಮ್ಮ ಪಿನಾಕಿನಿಯಲ್ಲಿ ನೀರೆಲ್ಲಿತ್ತು? ಮರಳಿನ ಮೇಲೆ ಒಂದು ಬಿಂದಿಗೆ ನೀರು ಚೆಲ್ಲಿ, ಇದೇ ಹೊಳೆ ಎಂದುಕೊಂಡು, ಎತ್ತಿ ಒಂದು ಹೆಜ್ಜೆ ಇಟ್ಟರೆ ಆಯಿತು. ನಿಮ್ಮ ಚಿಕ್ಕಮ್ಮನ ಮದುವೆಯಲ್ಲಿ ಬಿಂದಿಗೆ ಮರೆತು ಬಂದು ಗೋಲಿಸೋಡ ಚೆಲ್ಲಿದ್ದರು.

ಆ ಧೈರ್ಯದಲ್ಲೇ ನಾನು ಕೆಟ್ಟೆ. ಬೇಸಿಗೆಯಲ್ಲಿ ನಿಮ್ಮಕ್ಕ ಯಾಮಿನಿಯ ನಿಶ್ಚಿತಾರ್ಥಕ್ಕೆ ಗಂಡಿನ ಕಡೆಯವರು ಬಂದಿದ್ದಾಗ, ಹೋಳಿಗೆ ತಿಂದ ಹುರುಪಿನಲ್ಲಿ, ಮದುಮಗ ಮೋಹನ್‌ಬಾಬುವಿನ ಅಜ್ಜಿ ಅಕ್ಕಯ್ಯಮ್ಮನ ಎದುರಿಗೆ, “ಹೊಳೆ ಎಷ್ಟು ಬರುತ್ತೋ ಬರ್ಲಿ, ಅಷ್ಟೂ ಎತ್ಕೊಂಡೇ ದಾಟಿಸ್ತೀನಿ” ಎಂದುಬಿಟ್ಟೆ. ಆ ಮುದುಕಿ ಎಲೆಗೆ ಸುಣ್ಣ ಹಚ್ಚಿಕೊಂಡು ನಕ್ಕಳು. ಆಮೇಲೆ ಮಳೆ ಹಿಡಿಯಿತು. ಕೆರೆ ತುಂಬಿತು, ಕೋಡಿ ಹರಿಯಿತು, ನಾನು ಹುಡುಗನಾಗಿದ್ದಾಗ ಹೋದ ಹೊಳೆ ಲಗ್ನಪತ್ರಿಕೆ ಹಂಚುವ ವಾರಕ್ಕೆ ಸರಿಯಾಗಿ ವಾಪಸು ಬಂತು.

ಲೆಕ್ಕ ಇಲ್ಲದೆ ಕೆಲಸಕ್ಕೆ ಇಳಿಯುವವನಲ್ಲ ನಾನು. ಯಾಮಿನಿಯನ್ನು ಕರೆದುಕೊಂಡು ಬಂದು ವೇಬ್ರಿಡ್ಜ್ ಮೇಲೆ ನಿಲ್ಲಿಸಿದೆ. ಹಿಂದೆ ಇಬ್ಬರು ಲಾರಿ ಡ್ರೈವರುಗಳು ಹಾರನ್ ಹೊಡೆಯುತ್ತಿದ್ದರು. ನಮ್ಮ ಯಂತ್ರ ಹತ್ತು ಕೆಜಿಗಿಂತ ಸಣ್ಣ ವ್ಯತ್ಯಾಸ ತೋರಿಸುವುದಿಲ್ಲವಲ್ಲ, ಮೊದಲು ಅರವತ್ತು ತೋರಿಸಿತು, ಅವಳು ಕೋಪದಿಂದ ಕಾಲು ಅಪ್ಪಳಿಸಿದಾಗ ಎಪ್ಪತ್ತು. “ಮಾವ, ನಾನೇನ್ ಜಲ್ಲಿಕಲ್ಲಾ?” ಎಂದಳು. ಅರವತ್ತು ಎಂದುಕೊಂಡರೆ ಮನಸ್ಸಿಗೆ ಸಮಾಧಾನ, ಎಪ್ಪತ್ತು ಎಂದುಕೊಂಡರೆ ಮಂಡಿಗೆ ಎಚ್ಚರಿಕೆ. ಮೇಲೆ ರೇಷ್ಮೆ ಸೀರೆ, ಸೊಂಟದ ಡಾಬು, ತಲೆಯಲ್ಲಿ ಎರಡು ಕೆಜಿ ಕನಕಾಂಬರ.

ಮದುವೆಯ ದಿನ ಬೆಳಿಗ್ಗೆ ವಿದುರಾಶ್ವತ್ಥದ ಹತ್ತಿರ ದಡಕ್ಕೆ ಹೋಗಿ ನೋಡುತ್ತೇನೆ, ಹೊಳೆ ಒಂದಾಗಿ ಹರಿಯುತ್ತಿಲ್ಲ. ಇಷ್ಟು ವರ್ಷ ಮರಳು ತೋಡಿದ ಗುಂಡಿ ಒಂದು ಕಡೆ, ಜಾಲಿ ಪೊದೆ ಒಂದು ಕಡೆ. ಅವುಗಳ ನಡುವೆ ನೀರು ದಾರಿ ಹುಡುಕಿಕೊಂಡು ಐದು ಎಳೆಯಾಗಿ ಒಡೆದು, ಕೂಡಿ, ಮತ್ತೆ ಒಡೆದು ಹೋಗುತ್ತಿದೆ. ನಡುನಡುವೆ ಮರಳಿನ ದಿಬ್ಬ. ನನಗೆ ಎಲ್ಲಿಲ್ಲದ ಸಂತೋಷವಾಯಿತು. ಇದೇ ತಾನೇ ನೀನು ಹೋದ ತಿಂಗಳು ಎಂಟು ಪುಟ ಬರೆದು ಕಳಿಸಿದ ಜಡೆ ನದಿ? ಐದು ಎಳೆ ಎಂದರೆ ಐದು ಹಳ್ಳ. ಅಗಲದ್ದೊಂದನ್ನು ದಾಟಿಸಿ ಇಳಿಸಿದರೆ ನನ್ನ ಮಾತು ಉಳಿದಂತೆ. ತಾಳಿಯಾಗಿ ಎಲ್ಲರೂ ದಡಕ್ಕೆ ಬಂದಾಗ ಹೀಗೆಂದು ಅಕ್ಕಯ್ಯಮ್ಮನಿಗೆ ಹೇಳಿದೆ. “ಏಮಪ್ಪಾ ವೆಂಕಟರವಣಪ್ಪ, ಹೊಳೇನ ತುಂಡು ಮಾಡಿ ತೂಗ್ತೀಯಾ?” ಎಂದಳು. ನನ್ನ ಸೊಸೆಯೇ ಹೊಳೆಗಳನ್ನು ಓದಿದವಳು, ಅವಳ ಕೈಬರಹವೇ ಜೇಬಿನಲ್ಲಿದೆ ಎಂದು ಕಾಗದ ತೆಗೆದೆ.

ಎರಡೂ ಕಡೆಯವರು ಸುತ್ತ ಸೇರಿದರು. ನಾನೂ ಗಂಟಲು ಸರಿ ಮಾಡಿಕೊಂಡು ಓದಿದೆ. ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿ ರಕಾಯಾ ಎಂಬ ಹೊಳೆ ಬೆಟ್ಟದಿಂದ ಜಲ್ಲಿ ಹೊತ್ತು ತಂದು ಬಯಲಲ್ಲಿ ಹತ್ತಾರು ಎಳೆಯಾಗುತ್ತದಂತೆ. ಇಟಲಿಯಲ್ಲಿ ತಲ್ಯಮೆಂಟೊ ಎಂಬುದಂತೆ. ಅಲಾಸ್ಕಾದಲ್ಲೂ ಐಸ್‌ಲೆಂಡಿನಲ್ಲೂ ಹಿಮಗಡ್ಡೆಯ ಬುಡದಿಂದ ಹೊರಟವು ಹೀಗೇ ಅಂತೆ. ಅಮೆರಿಕದಲ್ಲಿ ಪ್ಲಾಟ್, ಬಿಹಾರದಲ್ಲಿ ಕೋಸಿ, ಎಲ್ಲಕ್ಕೂ ದೊಡ್ಡಣ್ಣ ನಿನ್ನ ಬ್ರಹ್ಮಪುತ್ರ. ಹೊರಲಾರದಷ್ಟು ಮರಳು ಹೊತ್ತ ಹೊಳೆ ಅಲ್ಲಲ್ಲೇ ಇಳಿಸಿ, ಇಳಿಸಿದ್ದನ್ನೇ ಬಳಸಿಕೊಂಡು ಹೋಗುತ್ತದೆ ಎಂದು ಓದುವಾಗ ನನಗೆ ಆ ಹೊಳೆಗಳ ಮೇಲೆ ಕನಿಕರವೇ ಬಂತು. ಬೀಗರು ತಲೆದೂಗಿದರು. ನಾದಸ್ವರದವನೂ ನಿಲ್ಲಿಸಿ ಕೇಳಿದ. ಅದೇ ಭರದಲ್ಲಿ ಪುಟ ತಿರುಗಿಸಿ ಮುಂದಿನ ಸಾಲನ್ನೂ ಜೋರಾಗಿ ಓದಿಬಿಟ್ಟೆ: “ಎಳೆ ಎಷ್ಟೇ ಇರಲಿ, ನದಿ ಒಂದೇ, ಮಾವ. ನಡುವಿನ ದಿಬ್ಬವೂ ಅದರದ್ದೇ. ಈ ವರ್ಷ ಮರಳು, ಮುಂದಿನ ವರ್ಷ ನೀರು.”

ಸಾಕ್ಷಿಯ ಕಾಗದವನ್ನು ಪೂರ್ತಿ ಓದಿಕೊಳ್ಳದೆ ಪಂಚಾಯಿತಿಗೆ ತಂದವನ ಗತಿ ಹೇಳಬೇಕೆ. ಅಕ್ಕಯ್ಯಮ್ಮ ಸೆರಗು ಸಿಕ್ಕಿಸಿಕೊಂಡು, “ನಿಮ್ಮುಡುಗೀನೇ ಬರ್ದವಳೆ. ಎತ್ತಪ್ಪಾ” ಎಂದಳು.

ಅವಳನ್ನೂ ಬೀಗರನ್ನೂ ಟ್ರ್ಯಾಕ್ಟರು ಆಚೆ ದಡಕ್ಕೆ ಮುಟ್ಟಿಸಿದ ಮೇಲೆ ಎತ್ತಿದೆ. ಮೊದಲನೇ ಎಳೆ ಹಿಮ್ಮಡಿಯುದ್ದ, ಲೆಕ್ಕಕ್ಕಿಲ್ಲ. ಎರಡನೆಯದು ಮೀನಖಂಡದವರೆಗೆ. ವಿಡಿಯೋದವನು ಎದುರಿಗೆ ಹಿಂದುಹಿಂದಕ್ಕೆ ನಡೆಯುತ್ತ, “ಅಣ್ಣಾ, ಸ್ವಲ್ಪ ನಗಿ” ಎನ್ನುತ್ತ ಗುಂಡಿಗೆ ಬಿದ್ದ. ನಾನು ನಕ್ಕದ್ದು ಆಗಲೇ. ಮೂರನೆಯದು ತೊಡೆಯುದ್ದ. ಅದನ್ನು ದಾಟಿ ದಿಬ್ಬ ಹತ್ತುವಾಗ ಮಂಡಿಯಲ್ಲಿ ಒಣ ತೊಗರಿಕಡ್ಡಿ ಮುರಿದ ಹಾಗೆ ಸದ್ದಾಯಿತು. ಯಾಮಿನಿ ಕಿವಿಯಲ್ಲಿ, “ಇಳಿಸ್ಬಿಡು ಮಾವ, ಯಾರೂ ನೋಡ್ತಿಲ್ಲ” ಎಂದಳು. ಇನ್ನೂರು ಜನ ನೋಡುತ್ತಿದ್ದರು. ನಾನು ಅವಳನ್ನು ಇಳಿಸಲಿಲ್ಲ. ನಾನೇ ಮರಳಿನ ಮೇಲೆ ಕೂತೆ. ಅವಳನ್ನು ಮಡಿಲಲ್ಲಿ ಇಟ್ಟುಕೊಂಡು, ಅವಳ ಕಾಲನ್ನು ನನ್ನ ಈ ಸ್ಟೂಲಿಗಿಂತ ಎತ್ತರಕ್ಕೆ ಹಿಡಿದುಕೊಂಡು ಕೂತೆ. ಆಚೆ ದಡದಲ್ಲಿ ಗದ್ದಲವೆದ್ದಿತು. ಅಕ್ಕಯ್ಯಮ್ಮ ಅಲ್ಲಿಂದಲೇ ಕೂಗಿ ತೀರ್ಪು ಕೊಟ್ಟಳು: “ಮಾವ ಕೂತ್ಕೋಬೌದು. ಹುಡುಗಿ ಕಾಲು ತಾಕಿಲ್ವಲ್ಲ.”

ಆ ದಿಬ್ಬದ ಮೇಲೆ ಹತ್ತು ನಿಮಿಷ ಕೂತಿದ್ದೆವು. ಯಾಮಿನಿ ಎರಡು ವರ್ಷದ ಮಗುವಾಗಿದ್ದಾಗ ಕೂತಂತೆಯೇ ಕೂತಿದ್ದಳು. ಸುತ್ತ ನೀರು ಸದ್ದು ಮಾಡುತ್ತಿತ್ತು. “ಹರಿ ಇರ್ಬೇಕಾಗಿತ್ತು” ಎಂದು ಅತ್ತಳು. ಯಾಕೆ ಬರಲಿಲ್ಲ, ನಿಜ ಹೇಳು ಎಂದೆ. ಸೆರಗಿನಿಂದ ಕಣ್ಣೊರೆಸಿಕೊಂಡು ಜಾಲಿ ಪೊದೆಯ ಕಡೆ ನೋಡಿದಳು. ಬೇರೆ ಕಾರಣವಿದೆ ಎಂದು ತಿಳಿಯಲು ಅಷ್ಟು ಸಾಕಾಯಿತು ನನಗೆ. ಉಳಿದ ಎರಡು ಎಳೆಯನ್ನು ಹೇಗೆ ದಾಟಿದೆನೋ ಹೇಳಲಾರೆ. ದಡದ ಮೇಲೆ ಅವಳ ಕಾಲು ಇಳಿಸಿದಾಗ ಅಕ್ಕಯ್ಯಮ್ಮನೇ ನನ್ನ ತೋಳು ಹಿಡಿದುಕೊಂಡಳು. ಇಲ್ಲದಿದ್ದರೆ ನಾನೂ ಅದೇ ಮನೆ ತುಂಬುತ್ತಿದ್ದೆ.

ವೇಳೆಗೆ ಸರಿಯಾಗಿ ಉಣ್ಣು. ಆಳ ಗೊತ್ತಿಲ್ಲದ ಕಡೆ ಇಳಿಯಬೇಡ. ನಿಮ್ಮಮ್ಮನ ಗಂಟು ನಾಳೆ ಪೋಸ್ಟಿಗೆ ಹಾಕುತ್ತೇನೆ, ಅವಳು ಮತ್ತೆ ಬಿಚ್ಚುವುದರೊಳಗೆ. ನಿನ್ನ ಕೆಲಸ, ನಿನ್ನ ಮನಸ್ಸು ಎರಡೂ ದಡ ಕಾಣಲಿ ಎಂದು ಹರಸುವ,

ನಿನ್ನ ಮಾವ,
ವೆಂಕಟರವಣಪ್ಪ

ಮರೆತ ಮಾತು: ಲಾರಿ ನಿಂತಿದೆ, ಬೇಗ ಬರೆಯುತ್ತೇನೆ. ನಿನ್ನ ಎಂಟು ಪುಟವನ್ನು ಈಗ ಪೂರ್ತಿ ಓದಿದೆ. ನ್ಯೂಜಿಲೆಂಡಿಗೆ ಅರ್ಧ ಪುಟ, ಇಟಲಿಗೆ ಕಾಲು, ಅಲಾಸ್ಕಾ ಐಸ್‌ಲೆಂಡ್ ಸೇರಿ ಆರು ಸಾಲು. ಬ್ರಹ್ಮಪುತ್ರದ ನಡುವಿನ ಮಾಜುಲಿ ದ್ವೀಪಕ್ಕೆ ಹೋಗುವ ದೋಣಿಗೆ ನಾಲ್ಕು ಪುಟ. ಬಿದಿರಿನ ಗಳ ಹಿಡಿದು ಆಳ ನೋಡುವ ಬಿತುಪನ್ ಎಂಬ ಹುಡುಗನ ಹೆಸರು ಹದಿನಾಲ್ಕು ಸಲ. ಒಂದು ಹೊಳೆಗೆ ಇಷ್ಟು ಓವರ್‌ಲೋಡ್ ಆಗುವುದಿಲ್ಲಮ್ಮ. ಮದುವೆಗೆ ಬಂದರೆ ಮುಂದಿನದು ನಿನ್ನದೇ ಎಂದು ಎಲ್ಲರೂ ಹಿಡಿದುಕೊಳ್ಳುತ್ತಾರೆಂದು ತಾನೇ ಹೆದರಿದ್ದು? ಸಂಕ್ರಾಂತಿಗೆ ಅವನನ್ನು ಕರೆದುಕೊಂಡು ಬಾ. ನಿಮ್ಮಮ್ಮನಿಗೆ ಅರ್ಧ ಹೇಳಿದ್ದೇನೆ. ಗಂಟಿಗೆ ಇನ್ನೂ ಎರಡು ಸೇರು ಹುರಳಿ ಹಾಕಿದಳು, ಯಾರಿಗೆಂದು ನಾನು ಕೇಳಲಿಲ್ಲ. ಆ ಹುಡುಗನ ಮನೆ ಮಾಜುಲಿಯಲ್ಲೇ, ದೋಣಿಯಲ್ಲಿ ಒಂದು ಗಂಟೆ ದಾರಿ ಎಂದು ನೀನೇ ಬರೆದಿದ್ದೀಯ. ಆ ದೋಣಿಯಲ್ಲಿ ಕೈಯಿರುವ ಕುರ್ಚಿ ಇದೆಯೇ ಎಂದು ಅವನನ್ನು ಕೇಳು. ಮಾವ ಕೂತ್ಕೋಬೌದು ಎಂದು ಅಕ್ಕಯ್ಯಮ್ಮನ ತೀರ್ಪಿದೆ. ನಿನ್ನ ತೂಕ ಎಷ್ಟೆಂದು ಬರೆ. ಹತ್ತು ಕೆಜಿ ಆಚೆ ಈಚೆ ಇದ್ದರೂ ಪರವಾಗಿಲ್ಲ.