ಅಪ್ಪ ಬೇಡವೆಂದ ಮನೆಗಳು

ಅಪ್ಪಾ,

ಡೊಂಬಿವಲಿಯಿಂದ ಬರೆಯುತ್ತಿದ್ದೇನೆ. ನಗಬೇಡ. ನೀನು ಇಪ್ಪತ್ತೆರಡು ವರ್ಷ ದುಡಿದ ಊರಿಗೆ, ನಮ್ಮನ್ನು ಒಂದು ಸಲವೂ ಕರೆತರದ ಊರಿಗೆ, ನೀನು ತೀರಿಕೊಂಡು ಆರು ವರ್ಷವಾದ ಮೇಲೆ ನಾನೇ ಗಂಟುಮೂಟೆ ಕಟ್ಟಿಕೊಂಡು ಬಂದಿದ್ದೇನೆ. ರಬಾಳೆಯ ಔಷಧ ಕಂಪನಿಯೊಂದರ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಇವರೂ, ಅಂದರೆ ನಿನ್ನ ಅಳಿಯ, ವಿಜಯಪುರದಿಂದ ಮುಂಬೈ ಪಕ್ಕದ ಠಾಣೆಯ ಆಫೀಸಿಗೆ ವರ್ಗ ಮಾಡಿಸಿಕೊಂಡರು. ನಿನ್ನ ಮೊಮ್ಮಗಳು ಅನು ಈಗ ಮೂರನೆಯ ಇಯತ್ತೆ.

ಮೊದಲ ಭಾನುವಾರ ಮನೆ ನೋಡಲು ಹೊರಟಾಗ ಸಂಜೆಯೊಳಗೆ ಮುಗಿಯುತ್ತದೆ ಅಂದುಕೊಂಡಿದ್ದೆ. ಮೂರು ಭಾನುವಾರ ಕಲ್ಯಾಣದಿಂದ ಐರೋಲಿಯವರೆಗೆ ತಿರುಗಿದೆವು. ಏಜೆಂಟ್ ಪ್ರತಿ ಮನೆಯ ಮುಂದೆಯೂ "ಸ್ಟೇಷನ್ ಸೇ ಸಿರ್ಫ್ ದಸ್ ಮಿನಿಟ್, ಮೇಡಂ" ಅನ್ನುತ್ತಿದ್ದ. ಆ ಹತ್ತು ನಿಮಿಷ ರಿಕ್ಷಾದ್ದು, ಅದೂ ಭಾನುವಾರದ್ದು. ಶಾಲೆಗೆ ಹೋದರೆ ಮನೆಯ ಅಗ್ರಿಮೆಂಟ್ ತನ್ನಿ ಅಂದರು. ಶಾಲೆ ಯಾವುದೆಂದು ಗೊತ್ತಾಗದೆ ಮನೆ ಹಿಡಿಯುವುದು ಹೇಗೆ? ರಬಾಳೆಗೆ ಹತ್ತಿರ ಅಂತ ಇವರು ಐರೋಲಿಗೇ ಪಟ್ಟು ಹಿಡಿದರು. ನಾನು ಡೊಂಬಿವಲಿಯೇ ಆಗಬೇಕು ಅಂದೆ. ಯಾಕೆ ಎಂದು ಕೇಳಿದಾಗ ಬಾಡಿಗೆ ಕಡಿಮೆ ಅಂದೆ. ಸುಳ್ಳು. ನಮ್ಮನ್ನು ಬಿಟ್ಟು ನೀನು ಎಂಥ ಊರಲ್ಲಿ ಇದ್ದೆ ಎಂದು ನೋಡಬೇಕಿತ್ತು ನನಗೆ.

ನನ್ನ ಆರನೆಯ ಇಯತ್ತೆ ಮುಗಿದ ಬೇಸಿಗೆ ನೆನಪಿದೆಯಾ? ಅದರ ಹಿಂದಿನ ದೀಪಾವಳಿಗೆ ಬಂದಾಗ ನೀನು, "ಜೂನದಾಗ ಕರಕೊಂಡ ಹೋಗತೀನಿ, ಸಾಲಿ ನೋಡಾಕತ್ತೀನಿ" ಅಂದಿದ್ದೆ. ನಾನು ಓಣಿಗೆಲ್ಲ ಸಾರಿದೆ. ಅವ್ವನನ್ನು ಎಳೆದುಕೊಂಡು ಹೋಗಿ ಶಾಲೆಯಿಂದ ಟಿ.ಸಿ. ತೆಗೆಸಿದೆ. ಗೆಳತಿಯರಿಗೆ ಚುರುಮುರಿ ಹಂಚಿದೆ. ಆಮೇಲೆ ಒಂದು ದಿನ ಮೂಲೆಯಂಗಡಿಯ ಫೋನಿಗೆ ನಿನ್ನ ಕರೆ: "ಈ ವರ್ಷ ಬ್ಯಾಡ, ಮುಂದ ನೋಡೋಣು." ಅದೇ ಟಿ.ಸಿ. ಹಿಡಿದುಕೊಂಡು ಹೆಡ್‌ಮಾಸ್ತರರ ಮುಂದೆ ಹೋಗಿ ನಿಂತೆ. "ಮುಂಬೈ ಬಾಯಿ ಬಂದ್ಳು" ಅಂತ ತರಗತಿಗೆ ತರಗತಿಯೇ ನಕ್ಕಿತು.

ಅವತ್ತಿನಿಂದ ನಿನ್ನ ಜೊತೆ ನಾನು ನೆಟ್ಟಗೆ ಮಾತಾಡಲಿಲ್ಲ. ಓಣಿಯ ಹೆಂಗಸರು ನಮ್ಮ ಕಟ್ಟೆಯ ಮೇಲೆಯೇ ಕೂತು, "ಅಲ್ಲಿ ಇನ್ನೊಂದು ಸಂಸಾರ ಇದ್ದೀತು ತಗೋ" ಅನ್ನುವಾಗ ಅವ್ವ ತಲೆ ಎತ್ತದೆ ಜೋಳ ಹಸನು ಮಾಡುತ್ತಿದ್ದಳು. ನಾನು ನಂಬಿದೆ, ಅಪ್ಪಾ. ನೀನು ಕೆಲಸ ಬಿಟ್ಟು ಊರಿಗೆ ಬಂದಾಗಲೂ, ಕೊನೆಗೆ ಕೆಮ್ಮುತ್ತ ಹಾಸಿಗೆ ಹಿಡಿದಾಗಲೂ ನಂಬಿಯೇ ಇದ್ದೆ. ಒಂದೇ ಒಂದು ಸಲ ನಿನ್ನನ್ನೇ ಕೇಳಿಬಿಟ್ಟಿದ್ದರೆ...

ಹೋದ ತಿಂಗಳು ಸಿದ್ದಪ್ಪ ಕಾಕಾನನ್ನು ಹುಡುಕಿಕೊಂಡು ಪಕ್ಕದ ದಿವಾ ಊರಿಗೆ ಹೋದೆ. ನಿನ್ನ ಜೊತೆ ಡೊಂಬಿವಲಿಯ ಬಾಡಿಗೆ ಖೋಲಿಯಲ್ಲಿ ಅಷ್ಟು ವರ್ಷ ಇದ್ದವರಲ್ಲಿ ಈಗ ಉಳಿದಿರುವುದು ಅವರೊಬ್ಬರೇ. ಮೊಣಕಾಲು ಹಿಡಿದುಕೊಂಡಿದ್ದರೂ, "ಮನಿ ಹುಡುಕೂದು ನಿನಗೇನ ತಿಳೀತೈತಿ, ನಡಿ" ಎಂದು ಹೊರಟೇಬಿಟ್ಟರು. ಎಂಐಡಿಸಿ ಕಾರ್ಖಾನೆಗಳ ಪಕ್ಕದಲ್ಲಿ ಒಂದು ಫ್ಲ್ಯಾಟು. ಎದುರಿಗೇ ಶಾಲೆ, ಮನೆ ತುಂಬ ಬೆಳಕು. ನಾನು ಹೂಂ ಅನ್ನುವುದರಲ್ಲಿದ್ದೆ. ಕಾಕಾ ಗ್ಯಾಲರಿಯಲ್ಲಿ ನಿಂತು, "ಯವ್ವಾ, ಹಸಿ ಟಾವೆಲ್ ತಂದೀಯೇನು?" ಎಂದು ಕೇಳಿದರು. ನನಗೆ ಅರ್ಥವಾಗಲಿಲ್ಲ.

"ನಿಮ್ಮಪ್ಪ ತರತಿದ್ದ," ಅಂದರು. "ಖೋಲಿ ನೋಡಾಕ ಹೋದ್ರ ಬಿಳಿ ಟಾವೆಲ್ ತೊಯಿಸಿಕೊಂಡ ಹೋಗಾಂವ. ಮಾಲಕಗ ಕೈ ಮುಗದು, ಒಂದ ದಿನ ಇಲ್ಲಿ ಒಣಗಲಿ ಅಂತ ಹಾಕಿ ಬರತಿದ್ದ. ಮರುದಿನ ಹೋಗಿ ನೋಡೂದು. ಗುಲಾಬಿ, ಹಸರು, ಕಾರಖಾನಿ ಗಾಳ್ಯಾಗಿನ ಬಣ್ಣದ ಏನರೆ ಚುಕ್ಕಿ ಬಿದ್ದಿದ್ರ ಆ ಖೋಲಿ ಬ್ಯಾಡ. ದೂರದ ಖೋಲಿ ನೋಡಬೇಕಂದ್ರ ಬಾಡಿಗಿ ಕೈಗೆ ಎಟಕತಿದ್ದಿಲ್ಲ. ಬಣ್ಣದ ಕಾರಖಾನ್ಯಾಗ ದುಡಿಯಾಂವಗ ಇದೆಂಥಾ ಮಡಿಯೋ ಅಂತ ನಾವೆಲ್ಲ ನಗತಿದ್ವಿ. 'ನನ್ನ ಎದಿಯಾಗ ಹೋಗಿದ್ದು ಹೋತು, ಕೂಸಿನ ಎದಿಯಾಗ ಹೋಗಬಾರದು' ಅಂತಿದ್ದ."

ಅಪ್ಪ ಎಷ್ಟು ಖೋಲಿ ನೋಡಿದ್ದಾನು, ಕಾಕಾ, ಎಂದು ಕೇಳಿದೆ. "ಯಾರ ಎಣಿಸ್ಯಾರ? ಒಂದ ವರ್ಷ ಮಾತ್ರ ಖೋಲಿ ಪಕ್ಕಾ ಆಗಿತ್ತ. ಕನ್ನಡ ಸಾಲಿ ಮಾಸ್ತರಗ ಹೇಳಿ ಏಳನೇ ಇಯತ್ತಾಕ ನಿನ್ನ ಹೆಸರೂ ಬರಿಸಿದ್ದ. ಮೊದಲನೇ ಮಳಿ ಆತ ನೋಡು, ಚುಕ್ಕಿ ಬಿದ್ದ ಟಾವೆಲ್ ತಂದು ತೊಡಿ ಮ್ಯಾಲ ಹಾಕ್ಕೊಂಡ ಕುಂತ. ಊಟಕ್ಕೂ ಏಳಲಿಲ್ಲ."

ಅದು ನನ್ನ ಟಿ.ಸಿ.ಯ ವರ್ಷ, ಅಪ್ಪಾ. ಆ ಖಾಲಿ ಮನೆಯಲ್ಲಿ ನಿಂತು ಅತ್ತೆ. ಬಾಡಿಗೆ ಜಾಸ್ತಿಯಾಯಿತೆಂದು ಅಳುತ್ತಿದ್ದೇನೆ ಅಂದುಕೊಂಡ ಏಜೆಂಟ್, ಮಾಲಕರಿಗೆ ಹೇಳಿ ಕಡಿಮೆ ಮಾಡಿಸುತ್ತೇನೆ ಅಂದ. ನೀನಿದ್ದರೆ ಎಷ್ಟು ನಗುತ್ತಿದ್ದೆ! ಊರಿಗೆ ಬಂದ ಮೇಲೆ ಅಷ್ಟು ವರ್ಷ ನನ್ನ ಕಣ್ಣೆದುರಿಗೇ ಇದ್ದೆಯಲ್ಲ, ಆಗೇಕೆ ಬಾಯಿ ಬಿಡಲಿಲ್ಲ? ನನ್ನ ಸೊಟ್ಟ ಮುಖ ನೋಡಿ ಸುಮ್ಮನಾದೆಯಾ? ಈಗ ನೀನು ಬೇಕು. ಲೋಕಲ್ ಗಾಡಿಯಲ್ಲಿ ನಿನ್ನ ವಯಸ್ಸಿನವರು ಕನ್ನಡದಲ್ಲಿ ಕೆಮ್ಮಿದಂತೆ ಕೇಳಿದರೂ ತಿರುಗಿ ನೋಡುತ್ತೇನೆ. ಕೆಮ್ಮಿಗೆ ಎಲ್ಲಿಯ ಭಾಷೆ, ಹೇಳು? ಆದರೂ ನೋಡುತ್ತೇನೆ.

ಆ ಫ್ಲ್ಯಾಟನ್ನು ಬಿಟ್ಟೆವು. ಹಳಿಯ ಆಚೆ ಪಶ್ಚಿಮದಲ್ಲಿ, ಕಾರ್ಖಾನೆಗಳಿಂದ ದೂರ, ಹಿನ್ನೀರಿನ ಖಾಡಿಯ ಕಡೆಗೆ, ಎರಡನೆಯ ಮಹಡಿಯಲ್ಲಿ ಮನೆ ಹಿಡಿದೆವು. ಈ ಸಲ ಬುದ್ಧಿ ಬಂದಿತ್ತು, ಸೋಮವಾರ ಬೆಳಿಗ್ಗೆ ಗದ್ದಲದ ಹೊತ್ತಿಗೇ ಹೋಗಿ ನೋಡಿದೆ. ಅನುವಿನ ಶಾಲೆಗೆ ಕಾಲ್ನಡಿಗೆಯಲ್ಲಿ ಎಂಟು ನಿಮಿಷ, ಏಜೆಂಟನ ಲೆಕ್ಕವಲ್ಲ, ನಾನೇ ನಡೆದದ್ದು. ಕನ್ನಡ ಶಾಲೆಯಲ್ಲ, ಬೈಯಬೇಡ. ಕನ್ನಡ ಮನೆಯಲ್ಲಿ ನಾನೇ ಕಲಿಸುತ್ತೇನೆ. ದಿನಾ ಠಾಣೆಯಲ್ಲಿ ಗಾಡಿ ಬದಲಿಸಿ ರಬಾಳೆಗೆ ಹೋಗುವುದು ನನ್ನ ಪಾಡು. ಇವರು ಮುಖ ಊದಿಸಿಕೊಂಡೇ ಒಪ್ಪಿದರು.

ಇನ್ನು ನಿನಗೆ ಗೊತ್ತಿಲ್ಲದ ಸುದ್ದಿ. ಅವ್ವ ಬಂದಿದ್ದಾಳೆ, ಇನ್ನು ನಮ್ಮ ಜೊತೆಗೇ ಇರುತ್ತಾಳೆ. ಬಂದ ಮೂರನೆಯ ದಿನ ಅವಳಿಗೆ ಎಲ್ಲ ಹೇಳಿದೆ. ಇನ್ನೊಂದು ಸಂಸಾರ ಇರಲಿಲ್ಲ ಅಂದಾಗ, "ನನಗ ಗೊತ್ತಿತ್ತ" ಅಂದಳು, ಅಷ್ಟೆ. ನೀನು ನೋಡಿದ ಖೋಲಿಗಳ ಕಥೆ ಕೇಳಿ ಗ್ಯಾಲರಿಗೆ ಹೋಗಿ ಸರಳು ಹಿಡಿದು ನಿಂತಳು. ನಾನು ಹತ್ತಿರ ಹೋದೆ. ಅವಳು ಕಣ್ಣು ಒರೆಸಿಕೊಳ್ಳಲಿಲ್ಲ. ಸಿಟ್ಟು ಬಂದಿತ್ತು ಅವಳಿಗೆ, ನಿನ್ನ ಮೇಲೆ.

"ನಿಮ್ಮಪ್ಪ ನನಗೊಂದ ಮಾತ ಹೇಳಬೇಕಿತ್ತ," ಅಂದಳು. "ಚುಕ್ಕಿ ಬಿದ್ದ ಅರಿವಿ ನಾ ಇಲ್ಲೇ ಇದ್ದು ಒಗೀತಿದ್ದಿಲ್ಲೇನು?"